ಯಾಪ್ಯವ್ಯಾಧಿಯೂ ಗೃಹದಲ್ಲಿನ ಉಸಿರಾಸರೆಯೂ

ವ್ಯಾಧಿಗಳನ್ನು ಅವುಗಳ ಸಾಧ್ಯಾಸಾಧ್ಯತೆಯನ್ನು ನೋಡಿ ವಿಭಾಗಿಸುವ ಕ್ರಮವು ಆಯುರ್ವೇದಶಾಸ್ತ್ರದಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಸಾಧ್ಯ, ಯಾಪ್ಯ, ಅಸಾಧ್ಯ ಎಂದು ಮೂರು ಬಗೆಗಳು ಹೇಳಲ್ಪಟ್ಟಿವೆ. ಚರಕಸಂಹಿತೆಯಲ್ಲಿಯಾದರೋ ಸಾಧ್ಯವನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ ಎಂದೂ, ಅಸಾಧ್ಯವನ್ನು ಯಾಪ್ಯ, ಅನುಪಕ್ರಮ ಎಂದೂ ಎರಡೆರಡಾಗಿ ಒಡೆದಿದೆ. ಈ ಎರಡನೆಯ ವಿಭಾಗಕ್ರಮದಿಂದ ಒಂದು ತೊಡಕು ಹುಟ್ಟಿತು. ಯಾಪ್ಯವು ಅಸಾಧ್ಯದ ಒಳಭೇದವಾಗಿ ನಿಂತುದರಿಂದ, ಯಾಪ್ಯವೆಂದರೆ ಕೈಬಿಟ್ಟ ರೋಗವೆಂದೇ ಅನೇಕರು ತಿಳಿಯುವರು. ಶಬ್ದದ ಪ್ರಕೃತಿಯನ್ನು ನೋಡಿದರೆ ಹಾಗಲ್ಲ. 'ಯಾ' ಎಂಬ ಗತ್ಯರ್ಥಕ ಧಾತುವಿಗೆ ಪ್ರೇರಣಾರ್ಥದಲ್ಲಿ ಪ್ರತ್ಯಯವು ಹತ್ತಿ ಹುಟ್ಟಿದ ರೂಪವಿದು. ಕನ್ನಡಿಗರು ದಿನವೂ ಆಡುವ 'ಕಾಲಯಾಪನೆ' ಎಂಬ ಮಾತಿನಲ್ಲಿರುವುದೂ ಇದೇ ಧಾತು. ಯಾವ ರೋಗದೊಡನೆ ಕಾಲವನ್ನು ಸಾಗಿಸಬಹುದೋ, ಸಾಗಿಸಬೇಕೋ, ಅದು ಯಾಪ್ಯ.

ಸುಶ್ರುತನು ಇದಕ್ಕೆ ಕೊಟ್ಟಿರುವ ದೃಷ್ಟಾಂತವು ಬಹು ರಮ್ಯವಾದುದು. ಬೀಳಲಿರುವ ಮನೆಯನ್ನು ಸರಿಯಾಗಿ ನಿಲ್ಲಿಸಿದ ವಿಷ್ಕಂಭವು ಹೇಗೆ ಹಿಡಿದು ನಿಲ್ಲಿಸುವುದೋ ಹಾಗೆ ಯಾಪ್ಯರೋಗಿಯನ್ನು ಚಿಕಿತ್ಸೆಯು ಧರಿಸುವುದೆಂದು ಅವನ ಅಭಿಪ್ರಾಯ. ವಿಷ್ಕಂಭವೆಂದೊಡನೆ ಸಾಹಿತ್ಯದ ಅಧ್ಯಾಪಕರಿಗೆ ಸಂಸ್ಕೃತನಾಟಕದ ಅರ್ಥೋಪಕ್ಷೇಪಕವೂ, ಪಂಚಾಂಗವನ್ನು ನೋಡುವವರಿಗೆ ಇಪ್ಪತ್ತೇಳು ಯೋಗಗಳಲ್ಲಿ ಮೊದಲನೆಯದೂ ನೆನಪಿಗೆ ಬರುವುದು ಸಹಜ. ಇಲ್ಲಿಯ ಅರ್ಥವು ಅವೆರಡೂ ಅಲ್ಲ. ಊರಿ ನಿಲ್ಲಿಸಿದ ಮರದ ಆಸರೆ ಎಂದಷ್ಟೇ. ಅಮರಸಿಂಹನು ಪುರವರ್ಗದಲ್ಲಿ ಅರ್ಗಲವನ್ನು ಕದದ ವಿಷ್ಕಂಭವೆಂದು ಹೇಳಿರುವುದೂ ಈ ಅರ್ಥಕ್ಕೇ ಹತ್ತಿರವಾದುದು. ಬಹುಕಾಲದ ಶ್ವಾಸಕೋಶರೋಗದಿಂದ ನರಳುವವರಿಗೆ ಇಂದಿನ ವೈದ್ಯವು ಅವರವರ ಮನೆಗಳಲ್ಲಿಯೇ ಏರ್ಪಡಿಸುತ್ತಿರುವ ಉಸಿರಿನ ಸಹಾಯವು ಏನು, ಅದು ಯಾರಿಗೆ ಹಿತ, ಯಾರಿಗೆ ಅಹಿತ ಎಂಬ ವಿಚಾರಕ್ಕೆ ಈ ಪ್ರಾಚೀನ ದೃಷ್ಟಾಂತಕ್ಕಿಂತ ಒಳ್ಳೆಯ ಬಾಗಿಲು ದೊರೆಯುವುದು ಕಷ್ಟ. ಆದರೆ ದೃಷ್ಟಾಂತವು ಎಲ್ಲ ಅಂಶಗಳಲ್ಲಿಯೂ ಹೊಂದುವುದಿಲ್ಲವೆಂಬುದು ಮುಂದೆ ಕಂಡುಬರುವುದು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯವು ಹಿಕ್ಕಾಶ್ವಾಸಗಳನ್ನು ಕುರಿತುದು. ಅಲ್ಲಿ ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸಗಳೆಂದು ಐದು ಬಗೆ. ತಮಕದ ಲಕ್ಷಣವನ್ನು ಓದಿದವರು ಅದನ್ನು ಬರೆದವನು ರೋಗಿಯ ಮಂಚದ ಪಕ್ಕದಲ್ಲಿ ರಾತ್ರಿಗಳನ್ನು ಕಳೆದಿರಬೇಕೆಂದು ಒಪ್ಪದಿರಲಾರರು. ಕಫವು ಮಾರ್ಗವನ್ನು ಕಟ್ಟುವುದು, ಕಂಠದಲ್ಲಿ 'ಘುರ್ಘುರಕ'ವೆಂಬ ಶಬ್ದವಾಗುವುದು, ಕಫವು ಬಿಟ್ಟರೆ ಕ್ಷಣಕಾಲ ಹಾಯೆನಿಸುವುದು, ಮಲಗಿದರೆ ಉಸಿರು ಕಟ್ಟುವುದು, ಎದ್ದು ಕುಳಿತರೆ ಸುಖವಾಗುವುದು, ಮೋಡ ಮಳೆ ಚಳಿಗಳಲ್ಲಿ ಹೆಚ್ಚುವುದು, ಇವೆಲ್ಲವೂ ಅಲ್ಲಿ ಕ್ರಮವಾಗಿ ಬಂದಿವೆ. ಘುರ್ಘುರಕವೆಂಬುದು ಅನುಕರಣಶಬ್ದವೆಂಬುದು ಸ್ಪಷ್ಟ. ಕನ್ನಡದ 'ಗೊರಗೊರ'ವನ್ನು ಬಲ್ಲವರಿಗೆ ಅದಕ್ಕೆ ವ್ಯಾಖ್ಯಾನ ಬೇಡ. ಶ್ವಾಸರೋಗದ ಕಾರಣಗಳಲ್ಲಿ ಧೂಳನ್ನೂ ಹೊಗೆಯನ್ನೂ ಹೆಸರೆತ್ತಿ ಹೇಳಿರುವುದು ವಿಶೇಷವಾಗಿ ಗಮನಾರ್ಹವಾದುದು. ತಮಕವು ಹೊಸದಾಗಿದ್ದರೆ ಸಾಧ್ಯ, ಇಲ್ಲವಾದರೆ ಯಾಪ್ಯ ಎಂದು ನಿರ್ಣಯ.

ಹೀಗೆಂದ ಮಾತ್ರಕ್ಕೆ ಇಂದಿನ ವೈದ್ಯರು ಹೇಳುವ ದೀರ್ಘಕಾಲದ ಶ್ವಾಸಾವರೋಧರೋಗವೂ ತಮಕವೂ ಒಂದೇ ಎಂದು ಸಾಧಿಸಹೊರಡುವುದು ಯುಕ್ತವಲ್ಲ. ತಮಕದ ಚಿತ್ರವು ಬಹುಮಟ್ಟಿಗೆ ಆಸ್ತಮಾ ಎಂದು ಕರೆಯುವ ರೋಗಕ್ಕೆ ಸಮೀಪವಾದುದು. ಹಳೆಯ ಗ್ರಂಥದಲ್ಲಿ ಹೊಸ ಯಂತ್ರವನ್ನು ಕಾಣುವ ಅಭ್ಯಾಸದಿಂದ ಶಾಸ್ತ್ರಕ್ಕೂ ಗೌರವವಿಲ್ಲ, ಯಂತ್ರಕ್ಕೂ ಪ್ರಯೋಜನವಿಲ್ಲ. ಚರಕಸುಶ್ರುತರಿಂದ ಇಲ್ಲಿ ಪಡೆಯಬೇಕಾದುದು ಎರಡೇ: ಯಾಪ್ಯವೆಂಬ ಪರಿಕಲ್ಪನೆ, ಮತ್ತು ರೋಗಿಯನ್ನು ನೋಡುವ ಕಣ್ಣು.

ಇನ್ನು ರೋಗದ ಸ್ವರೂಪ. ಮನುಷ್ಯನ ಶ್ವಾಸಕೋಶಗಳಲ್ಲಿ ಸುಮಾರು ೩೦ರಿಂದ ೫೦ ಕೋಟಿ ಗಾಳಿಗೂಡುಗಳಿವೆ. ಒಳಕ್ಕೆ ಬಂದ ಗಾಳಿಯಲ್ಲಿ ನೂರಕ್ಕೆ ೨೧ ಪಾಲಿನಷ್ಟಿರುವ ಆಮ್ಲಜನಕವು ಈ ಗೂಡುಗಳ ತೆಳುಗೋಡೆಯನ್ನು ದಾಟಿ ರಕ್ತಕ್ಕೆ ಸೇರುವುದು. ರಕ್ತದಲ್ಲಿರುವ ಇಂಗಾಲಾಮ್ಲವಾಯು, ಎಂದರೆ ಈಗಿನ ಪಠ್ಯಪುಸ್ತಕಗಳ ಇಂಗಾಲದ ಡೈಆಕ್ಸೈಡು, ಹೊರಕ್ಕೆ ಬರುವುದು. ತಂಬಾಕಿನ ಹೊಗೆ, ಒಲೆಯ ಹೊಗೆ, ಗಣಿ ಕಾರ್ಖಾನೆಗಳ ಧೂಳು ಇವುಗಳಿಂದ ಎರಡು ಬಗೆಯ ಹಾನಿಯುಂಟಾಗುವುದು. ಗಾಳಿಯ ನಾಳಗಳು ಊದಿ, ಕಫದಿಂದ ತುಂಬಿ ಕಿರಿದಾಗುವುದು ಒಂದು. ಗೂಡುಗಳ ಗೋಡೆಗಳು ಹರಿದು, ಹಲವು ಸಣ್ಣ ಗೂಡುಗಳು ಕೂಡಿ ಕೆಲವೇ ದೊಡ್ಡ ಚೀಲಗಳಾಗುವುದು ಇನ್ನೊಂದು. ಒಳಕ್ಕೆ ಹೋದ ಗಾಳಿಯು ಹೊರಕ್ಕೆ ಬರಲಾರದೆ ನಿಲ್ಲುವುದರಿಂದ ಎದೆಯು ಪೀಪಾಯಿಯಂತೆ ಉಬ್ಬುವುದು. ಈ ರೋಗಕ್ಕೆ ಉಸಿರು ತೆಗೆದುಕೊಳ್ಳುವುದಕ್ಕಿಂತ ಉಸಿರು ಬಿಡುವುದೇ ಹೆಚ್ಚು ಕಷ್ಟವೆಂಬುದನ್ನು ನೆನಪಿಡಬೇಕು. ತುಟಿಗಳನ್ನು ಸೀಟಿ ಊದುವವರಂತೆ ಚೂಪು ಮಾಡಿ ಮೆಲ್ಲಗೆ ಉಸಿರು ಬಿಡುವುದನ್ನು ರೋಗಿಗಳು ಅನೇಕವೇಳೆ ಯಾರೂ ಹೇಳಿಕೊಡದೆ ತಾವೇ ಕಂಡುಕೊಳ್ಳುವರು. ಹಾಗೆ ಮಾಡುವುದರಿಂದ ನಾಳಗಳೊಳಗೆ ಒತ್ತಡವು ಉಳಿದು ಅವು ಬೇಗ ಮುಚ್ಚಿಕೊಳ್ಳುವುದಿಲ್ಲ.

ಉಸಿರಾಸರೆಯ ವಿಚಾರದಲ್ಲಿ ಎಲ್ಲಕ್ಕಿಂತ ಮೊದಲು ಬಿಡಿಸಿಕೊಳ್ಳಬೇಕಾದ ಭೇದವು ಒಂದುಂಟು. ಅದನ್ನು ಬಿಡಿಸಿಕೊಳ್ಳದೆ ಹೋದುದರಿಂದ ಪ್ರಾಣಹಾನಿಗಳಾಗಿವೆ. ಶ್ವಾಸಕೋಶದ ಸೋಲು ಎರಡು ವಿಧ. ಗೂಡುಗಳು ಕೆಟ್ಟುದರಿಂದ ರಕ್ತಕ್ಕೆ ಆಮ್ಲಜನಕವು ಸಾಲದೆ ಹೋಗುವುದು ಮೊದಲನೆಯದು. ಎದೆಯೆಂಬ ತಿದಿಯನ್ನು ಒತ್ತುವ ಸ್ನಾಯುಗಳು ದಣಿದು, ಇಂಗಾಲಾಮ್ಲವು ಹೊರಬೀಳದೆ ರಕ್ತದಲ್ಲಿ ಕೂಡಿಕೊಳ್ಳುವುದು ಎರಡನೆಯದು. ಕಮ್ಮಾರನ ಕುಲುಮೆಯಲ್ಲಿ ಇದ್ದಿಲು ತೇವವಾದುದಕ್ಕೂ ತಿದಿಯು ಹರಿದುದಕ್ಕೂ ಇರುವ ವ್ಯತ್ಯಾಸದಂತೆ ಇದು. ಮೊದಲನೆಯದಕ್ಕೆ ಆಮ್ಲಜನಕವನ್ನು ಕೊಡಬೇಕು. ಎರಡನೆಯದಕ್ಕೆ ತಿದಿಯನ್ನೊತ್ತಲು ಕೈಕೊಡಬೇಕು. ಎರಡೂ ಒಬ್ಬನಲ್ಲಿಯೇ ಕೂಡಿರುವುದೂ ಉಂಟು.

ಆಮ್ಲಜನಕವೆಂಬ ಹೆಸರಿನ ವಿಷಯವಾಗಿ ಒಂದು ಮಾತು ಅಪ್ರಸ್ತುತವಾಗದು. ೧೭೭೪ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು ಪಾದರಸದ ಕೆಂಪು ಭಸ್ಮವನ್ನು ಕಾಯಿಸಿ ಈ ಅನಿಲವನ್ನು ಬೇರ್ಪಡಿಸಿದನು. ಸ್ವೀಡನ್ನಿನ ಷೀಲೆಯೂ ಸ್ವತಂತ್ರವಾಗಿ ಅದನ್ನು ಪಡೆದಿದ್ದನು. ಫ್ರಾನ್ಸಿನ ಲವಾಸಿಯೇ ಎಂಬ ವಿದ್ವಾಂಸನು, ಎಲ್ಲ ಆಮ್ಲಗಳ ಹುಳಿಗೂ ಇದೇ ಕಾರಣವೆಂದು ನಂಬಿ, ಗ್ರೀಕ್ ಭಾಷೆಯಿಂದ 'ಹುಳಿಯನ್ನು ಹುಟ್ಟಿಸುವುದು' ಎಂಬರ್ಥದ ಆಕ್ಸಿಜನ್ ಎಂಬ ಹೆಸರನ್ನು ಕಟ್ಟಿದನು. ೧೮೧೦ರಲ್ಲಿ ಹಂಫ್ರಿ ಡೇವಿಯು ಲವಣಾಮ್ಲದಲ್ಲಿ ಆಕ್ಸಿಜನ್ನೇ ಇಲ್ಲವೆಂದು ತೋರಿಸಿದ ಬಳಿಕ ಆ ನಂಬಿಕೆಯು ಬಿದ್ದುಹೋಯಿತು, ಹೆಸರು ಮಾತ್ರ ನಿಂತಿತು. ಕನ್ನಡದ ಆಮ್ಲಜನಕವು ಆ ತಪ್ಪಿನ ನಿಷ್ಠಾವಂತ ಭಾಷಾಂತರ. ಇದಕ್ಕಿಂತ ಇಂಪಾದ 'ಪ್ರಾಣವಾಯು' ಎಂಬ ಹೆಸರೂ ಬಳಕೆಯಲ್ಲಿದೆ. ಆದರೆ ಶಾಸ್ತ್ರದಲ್ಲಿ ಪ್ರಾಣವು ಶರೀರದಲ್ಲಿ ಚರಿಸುವ ಐದು ವಾಯುಗಳಲ್ಲಿ ಒಂದು, ಸೀಸೆಯಲ್ಲಿ ತುಂಬಬಹುದಾದ ದ್ರವ್ಯವಲ್ಲ. ಹೆಸರಿನ ಮೋಹದಿಂದ 'ಪ್ರಾಣವಾಯುವು ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು' ಎಂಬ ಭ್ರಾಂತಿ ಹುಟ್ಟುವುದಾದರೆ, ಅದಕ್ಕಿಂತ ಆಮ್ಲಜನಕವೆಂಬ ಹಳೆಯ ತಪ್ಪೇ ಮೇಲು.

ಈ ಅನಿಲದಿಂದ ರೋಗಗಳನ್ನು ಗುಣಪಡಿಸುವ ಆಸೆಯು ಹಳೆಯದು. ಥಾಮಸ್ ಬೆಡೋಸ್ ಎಂಬ ವೈದ್ಯನು ೧೭೯೯ರಲ್ಲಿ ಬ್ರಿಸ್ಟಲ್ ನಗರದ ಬಳಿ ಅನಿಲಚಿಕಿತ್ಸೆಗಾಗಿಯೇ ಒಂದು ಸಂಸ್ಥೆಯನ್ನು ತೆರೆದನು. ಉಗಿಯಂತ್ರದ ಜೇಮ್ಸ್ ವಾಟನು ಉಪಕರಣಗಳಿಗೆ ನೆರವಾದನು. ಯಾರಿಗೆ, ಎಷ್ಟು, ಎಷ್ಟು ಹೊತ್ತು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದುದರಿಂದ ಆ ಪ್ರಯತ್ನವು ಫಲಿಸಲಿಲ್ಲ. ೧೯೬೦ರ ದಶಕದಲ್ಲಿ ಅಮೆರಿಕದ ಡೆನ್ವರ್ ನಗರದ ಥಾಮಸ್ ಪೆಟ್ಟಿ ಮೊದಲಾದವರು ರೋಗಿಗಳು ಹೊತ್ತು ನಡೆಯಬಹುದಾದ ಆಮ್ಲಜನಕದ ಪಾತ್ರೆಗಳನ್ನು ಕೊಟ್ಟು ನೋಡಿದರು. ಆದರೂ ಸಂದೇಹವಿಲ್ಲದ ಉತ್ತರವು ದೊರೆತದ್ದು ೧೯೮೦-೮೧ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಿಂದ. ಅಮೆರಿಕದ ಪರೀಕ್ಷೆಯಲ್ಲಿ ೨೦೩ ಮಂದಿ ರೋಗಿಗಳು, ಕೆಲವರಿಗೆ ರಾತ್ರಿ ಮಾತ್ರ, ಸುಮಾರು ೧೨ ಘಂಟೆ, ಕೆಲವರಿಗೆ ಹಗಲಿರುಳು. ನಿಜವಾಗಿ ಹಗಲಿರುಳಿನವರು ಉಪಯೋಗಿಸಿದ್ದು ಸರಾಸರಿ ೧೮ ಘಂಟೆಗಳಿಗೆ ಹತ್ತಿರ. ಎರಡು ವರ್ಷಗಳಲ್ಲಿ ರಾತ್ರಿಯ ವರ್ಗದಲ್ಲಿ ನೂರಕ್ಕೆ ೪೧ರಷ್ಟು, ಇನ್ನೊಂದು ವರ್ಗದಲ್ಲಿ ನೂರಕ್ಕೆ ೨೨ರಷ್ಟು ಮಂದಿ ತೀರಿಕೊಂಡರು. ಬ್ರಿಟನ್ನಿನ ಪರೀಕ್ಷೆಯಲ್ಲಿ ೮೭ ಮಂದಿ. ದಿನಕ್ಕೆ ೧೫ ಘಂಟೆ ಆಮ್ಲಜನಕವನ್ನು ಪಡೆದ ೪೨ ಮಂದಿಯಲ್ಲಿ ಐದು ವರ್ಷಗಳಲ್ಲಿ ೧೯, ಪಡೆಯದ ೪೫ ಮಂದಿಯಲ್ಲಿ ೩೦ ಮರಣಗಳು. ಇವು ಸಣ್ಣ ಸಂಖ್ಯೆಗಳೇ ಸರಿ. ಆದರೆ ಇಂದಿಗೂ ಗೃಹದಲ್ಲಿ ಆಮ್ಲಜನಕವನ್ನು ಕೊಡುವ ನಿಯಮಗಳು ನಿಂತಿರುವುದು ಇವುಗಳ ಮೇಲೆ.

ಆ ನಿಯಮದ ಸಾರವಿಷ್ಟು: ಔಷಧಗಳಿಂದ ರೋಗವು ಒಂದು ಸ್ಥಿತಿಗೆ ಬಂದು ನಿಂತ ಮೇಲೆ, ಸುಮ್ಮನೆ ಕುಳಿತಿರುವಾಗ ಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡವು ೫೫ ಪಾದರಸ ಮಿಲಿಮೀಟರು ಅಥವಾ ಅದಕ್ಕಿಂತ ಕಡಮೆಯಾಗಿರಬೇಕು; ಬೆರಳಿಗೆ ಹಾಕುವ ಮಾಪಕದ ಲೆಕ್ಕದಲ್ಲಿ ನೂರಕ್ಕೆ ೮೮ ಅಥವಾ ಅದಕ್ಕಿಂತ ಕಡಮೆ. ಹೃದಯದ ಬಲಭಾಗವು ಸೋತು ಕಾಲು ಬಾತಿದ್ದರೆ, ಇಲ್ಲವೆ ರಕ್ತವು ಮಂದವಾಗಿದ್ದರೆ, ೫೯ರವರೆಗೂ ಕೊಡಬಹುದು. ಇಂಥವರು ದಿನಕ್ಕೆ ಕನಿಷ್ಠ ೧೫ ಘಂಟೆ ಉಪಯೋಗಿಸಬೇಕು. ಇದಕ್ಕಿಂತ ಉತ್ತಮವಾದ ಸ್ಥಿತಿಯಲ್ಲಿರುವವರಿಗೂ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೆ ಎಂಬ ಪ್ರಶ್ನೆಗೆ ೨೦೧೬ರಲ್ಲಿ ಅಮೆರಿಕದಲ್ಲಿ ೭೩೮ ಮಂದಿಯ ಮೇಲೆ ನಡೆದ ಪರೀಕ್ಷೆಯು ಉತ್ತರ ಕೊಟ್ಟಿತು: ಆಯುಸ್ಸೂ ಹೆಚ್ಚಲಿಲ್ಲ, ಆಸ್ಪತ್ರೆಗೆ ಸೇರುವುದೂ ತಪ್ಪಲಿಲ್ಲ. ೧೫ ಘಂಟೆಗಿಂತ ೨೪ ಘಂಟೆ ಮೇಲೇ ಎಂಬುದನ್ನು ಸ್ವೀಡನ್ನಿನಲ್ಲಿ ೨೪೧ ಮಂದಿಯ ಮೇಲೆ ನೋಡಿ ೨೦೨೪ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಭೇದವು ಕಾಣಲಿಲ್ಲ. ಉಸಿರು ಕಟ್ಟುವುದೆಂಬ ಅನುಭವವೂ ರಕ್ತದಲ್ಲಿ ಆಮ್ಲಜನಕದ ಕೊರತೆಯೂ ಒಂದೇ ಅಲ್ಲವೆಂಬುದು ಇದರಿಂದ ತಿಳಿಯುವುದು. ಏದುಸಿರು ಬಿಡುವವನ ರಕ್ತದಲ್ಲಿ ಆಮ್ಲಜನಕವು ಬೇಕಾದಷ್ಟು ಇರಬಹುದು. ಶಾಂತನಾಗಿ ಕುಳಿತವನಲ್ಲಿ ಸಾಲದೆ ಇರಬಹುದು. ಬೆರಳಿನ ಮಾಪಕವನ್ನೂ ಪೂರ್ಣವಾಗಿ ನಂಬುವಂತಿಲ್ಲ; ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ನಿಜಕ್ಕಿಂತ ಹೆಚ್ಚು ತೋರಿಸುವುದೆಂದು ೨೦೨೦ರಲ್ಲಿ ಅಮೆರಿಕದಿಂದ ವರದಿಯಾಯಿತು. ಆದುದರಿಂದ ಧಮನಿಯ ರಕ್ತವನ್ನು ಒಮ್ಮೆಯಾದರೂ ಪರೀಕ್ಷಿಸುವುದೇ ಸರಿಯಾದ ಕ್ರಮ.

ಮನೆಯಲ್ಲಿ ಈ ಅನಿಲವನ್ನು ಒದಗಿಸುವ ಯಂತ್ರಕ್ಕೆ ಆಮ್ಲಜನಕ ಸಾಂದ್ರಕವೆಂದು ಹೆಸರು. ಕೋವಿಡ್ ವ್ಯಾಧಿಯು ೨೦೨೧ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಹಬ್ಬಿದಾಗ ಈ ಯಂತ್ರದ ಹೆಸರು ಕನ್ನಡನಾಡಿನ ಮನೆಮನೆಗೂ ತಿಳಿದುಹೋಯಿತು. ಅದು ಆಮ್ಲಜನಕವನ್ನು ಹುಟ್ಟಿಸುತ್ತದೆಂಬ ತಿಳಿವಳಿಕೆ ಸರಿಯಲ್ಲ. ಕೋಣೆಯ ಗಾಳಿಯಿಂದ ಸಾರಜನಕವನ್ನು ಸೋಸಿ ತೆಗೆಯುವುದಷ್ಟೇ ಅದರ ಕೆಲಸ. ಒಳಗೆ ಎರಡು ಸ್ತಂಭಗಳಲ್ಲಿ ಜಿಯೋಲೈಟೆಂಬ ಖನಿಜದ ಹರಳುಗಳಿರುತ್ತವೆ. ಸ್ವೀಡನ್ನಿನ ಕ್ರೋನ್ಸ್ಟೆಟನು ೧೭೫೬ರಲ್ಲಿ ಇಂಥ ಒಂದು ಕಲ್ಲನ್ನು ಕಾಯಿಸಿದಾಗ ಅದು ನೀರನ್ನು ಉಕ್ಕಿಸಿದುದನ್ನು ಕಂಡು 'ಕುದಿಯುವ ಕಲ್ಲು' ಎಂಬರ್ಥದ ಈ ಗ್ರೀಕ್ ಹೆಸರನ್ನಿಟ್ಟನು. ಒತ್ತಡದಿಂದ ಗಾಳಿಯನ್ನು ನುಗ್ಗಿಸಿದರೆ ಹರಳುಗಳ ರಂಧ್ರಗಳಲ್ಲಿ ಸಾರಜನಕವು ಹೆಚ್ಚಾಗಿ ಅಂಟಿಕೊಂಡು ಆಮ್ಲಜನಕವು ಮುಂದಕ್ಕೆ ಹೋಗುವುದು. ಒತ್ತಡವನ್ನು ಸಡಿಲಿಸಿದರೆ ಅಂಟಿದ ಸಾರಜನಕವು ಬಿಟ್ಟು ಹೊರಬೀಳುವುದು. ಒಂದು ಸ್ತಂಭವು ಹಿಡಿಯುವಾಗ ಇನ್ನೊಂದು ಬಿಡುವುದರಿಂದ ಧಾರೆಯು ಕಡಿಯುವುದಿಲ್ಲ. ಹೀಗೆ ನೂರಕ್ಕೆ ೯೦ರಿಂದ ೯೫ರವರೆಗೆ ಶುದ್ಧವಾದ ಆಮ್ಲಜನಕವು ನಿಮಿಷಕ್ಕೆ ೫ ಲೀಟರಿನವರೆಗೆ ದೊರೆಯುವುದು. ಯಂತ್ರವೇ ಒಂದು ಉಸಿರಾಡುವ ಪ್ರಾಣಿಯೆಂಬಂತೆ ಅದರ ಸದ್ದು ಕೇಳುವುದು.

ಈಗ ಅಪಾಯದ ಮಾತು. ರಕ್ತದಲ್ಲಿ ಇಂಗಾಲಾಮ್ಲವು ಕೂಡಿಕೊಂಡಿರುವ ರೋಗಿಗೆ ಆಮ್ಲಜನಕವನ್ನು ಯಥೇಚ್ಛವಾಗಿ ಕೊಟ್ಟರೆ ಇಂಗಾಲಾಮ್ಲವು ಇನ್ನೂ ಏರುವುದು. ಆಮ್ಲಜನಕವಿಲ್ಲದ ಗೂಡುಗಳ ಕಡೆಗೆ ರಕ್ತವು ಹರಿಯದಂತೆ ಶ್ವಾಸಕೋಶದ ಸಣ್ಣ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಹೆಚ್ಚು ಆಮ್ಲಜನಕವು ಬಂದರೆ ಆ ಬಿಗಿತವು ಸಡಿಲಿ, ಗಾಳಿಯಾಡದ ಗೂಡುಗಳಿಗೆ ರಕ್ತವು ವ್ಯರ್ಥವಾಗಿ ಹರಿಯುವುದು. ಆಮ್ಲಜನಕವನ್ನು ಹೊತ್ತ ರಕ್ತವು ಇಂಗಾಲಾಮ್ಲವನ್ನು ಹೊರುವ ಶಕ್ತಿಯನ್ನು ಸ್ವಲ್ಪ ಕಳೆದುಕೊಳ್ಳುವುದು. ಉಸಿರಾಡುವ ಪ್ರೇರಣೆಯೂ ಕುಗ್ಗಬಹುದು. ರೋಗಿಯು ಮೊದಲು ಕೆಂಪಗೆ, ನೆಮ್ಮದಿಯಾಗಿ ಕಾಣುವನು, ಬಳಿಕ ತೂಕಡಿಸುವನು, ಮನೆಯವರು ಬಹುದಿನಗಳ ಮೇಲೆ ನಿದ್ದೆ ಬಂದಿತೆಂದು ಸಂತೋಷಪಡುವರು, ಆ ನಿದ್ದೆಯಿಂದ ಅವನು ಏಳದೆಯೂ ಇರಬಹುದು. ಬೆಳಗಿನ ತಲೆನೋವು, ಹಗಲಿನ ಜೊಂಪು, ಕೈಗಳ ಅದಿರುವಿಕೆ, ಮಾತಿನ ತಡಬಡಿಕೆ ಇವು ಮುನ್ಸೂಚನೆಗಳು. ಇದನ್ನು ತಡೆಯಲು ೧೯೬೦ರಲ್ಲಿ ಕ್ಯಾಂಬೆಲ್ ಎಂಬ ವೈದ್ಯನು ಆಮ್ಲಜನಕವನ್ನು ಗೊತ್ತಾದ ಪ್ರಮಾಣದಲ್ಲಿ ಮಾತ್ರ ಗಾಳಿಯೊಡನೆ ಬೆರೆಸುವ ಮುಖವಾಡದ ಕ್ರಮವನ್ನು ಪ್ರಕಟಿಸಿದನು. ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ೨೦೧೦ರಲ್ಲಿ ೪೦೫ ಮಂದಿಯನ್ನು ಒಳಗೊಂಡ ಪರೀಕ್ಷೆಯು, ರೋಗವು ಉಲ್ಬಣಿಸಿದವರನ್ನು ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಮಾಪಕದ ಅಂಕವನ್ನು ೮೮ರಿಂದ ೯೨ರ ನಡುವೆ ನಿಲ್ಲಿಸಿದರೆ, ಯಥೇಚ್ಛವಾಗಿ ಕೊಡುವುದಕ್ಕಿಂತ ಮರಣಗಳು ಕಡಮೆಯಾಗುವುವೆಂದು ತೋರಿಸಿತು. ಮಾತ್ರೆಯನ್ನೂ ಕಾಲವನ್ನೂ ಅರಿಯದೆ ಕೊಟ್ಟ ಔಷಧವು ವಿಷಕ್ಕೆ ಸಮಾನವೆಂಬ ವೈದ್ಯಮತಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅಂಕವು ನೂರಾಗಲೆಂದು ಯಂತ್ರದ ತಿರುಪನ್ನು ತಿರುಗಿಸುವ ಮಕ್ಕಳ ಪ್ರೀತಿಯು ಇಲ್ಲಿ ಶತ್ರುವಿನ ಕೆಲಸ ಮಾಡುವುದು.

ಇಂಗಾಲಾಮ್ಲವನ್ನು ಹೊರಹಾಕಲು ತಿದಿಗೆ ಕೈಕೊಡುವ ಎರಡನೆಯ ಬಗೆಯ ಆಸರೆಯ ಚರಿತ್ರೆಯು ಬೇರೆಯ ರೋಗದಿಂದ ಆರಂಭವಾಯಿತು. ಪೋಲಿಯೋ ರೋಗದಿಂದ ಉಸಿರಿನ ಸ್ನಾಯುಗಳು ಸತ್ತವರಿಗಾಗಿ ೧೯೨೮ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡ್ರಿಂಕರ್ ಮತ್ತು ಷಾ ಎಂಬುವರು ಕಬ್ಬಿಣದ ದೊಡ್ಡ ಪೆಟ್ಟಿಗೆಯೊಂದನ್ನು ಬಳಕೆಗೆ ತಂದರು. ಕುತ್ತಿಗೆಯವರೆಗೂ ಅದರೊಳಗೆ ಮಲಗಿದವನ ಎದೆಯನ್ನು ಹೊರಗಿನ ಒತ್ತಡದ ಏರಿಳಿತವು ಹಿಗ್ಗಿಸಿ ಕುಗ್ಗಿಸುತ್ತಿದ್ದಿತು. ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‍ಹೇಗನ್ ನಗರದಲ್ಲಿ ಅದೇ ರೋಗವು ಉಗ್ರವಾಗಿ ಹಬ್ಬಿದಾಗ ಪೆಟ್ಟಿಗೆಗಳು ಸಾಲದೆ ಹೋದವು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನ ಸಲಹೆಯಂತೆ ರೋಗಿಗಳ ಗಂಟಲಿನ ಮೂಲಕ ಕೊಳವೆಯನ್ನು ಹಾಕಿ, ಸುಮಾರು ೧೫೦೦ ಮಂದಿ ವಿದ್ಯಾರ್ಥಿಗಳು ಸರದಿಯಲ್ಲಿ ಕುಳಿತು ಕೈಯಿಂದ ರಬ್ಬರು ಚೀಲವನ್ನು ಒತ್ತಿ ಹಗಲಿರುಳು ಉಸಿರಾಡಿಸಿದರು. ತಿದಿಯನ್ನೊತ್ತುವ ಕೈ ಎಂಬುದು ಅಲ್ಲಿ ಅಲಂಕಾರವಾಗಿರಲಿಲ್ಲ. ಕೈಯ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ೧೯೮೧ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ನಿದ್ರೆಯಲ್ಲಿ ಗಂಟಲು ಮುಚ್ಚಿಕೊಳ್ಳುವವರಿಗೆ ಮೂಗಿನ ಮುಖವಾಡದಿಂದ ಗಾಳಿಯ ಒತ್ತಡವನ್ನು ಕೊಟ್ಟು ತೋರಿಸಿದ ಮೇಲೆ, ಗಂಟಲನ್ನು ಕೊಯ್ಯದೆ ಕೊಳವೆ ಹಾಕದೆ ಆಸರೆ ಕೊಡುವ ಮಾರ್ಗವು ತೆರೆಯಿತು. ೧೯೯೫ರಲ್ಲಿ ಫ್ರಾನ್ಸಿನ ಬ್ರೋಷಾರ್ ಮೊದಲಾದವರು ರೋಗವು ಉಲ್ಬಣಿಸಿದ ೮೫ ಮಂದಿಯ ಮೇಲೆ ಮುಖವಾಡದ ಕ್ರಮವನ್ನು ಪರೀಕ್ಷಿಸಿದಾಗ, ಆಸ್ಪತ್ರೆಯಲ್ಲಿ ಆದ ಮರಣಗಳು ನೂರಕ್ಕೆ ೨೯ರಿಂದ ೯ಕ್ಕೆ ಇಳಿದಿದ್ದವು.

ಆಸ್ಪತ್ರೆಯ ಈ ಉಪಕಾರವು ಮನೆಗೂ ಬರಬಹುದೇ ಎಂಬುದು ಬಹುಕಾಲ ವಿವಾದವಾಗಿದ್ದಿತು. ರಾತ್ರಿ ಮಾತ್ರ ಮುಖವಾಡವನ್ನು ಧರಿಸಿ ಮಲಗುವುದರಿಂದ ಹಗಲಿಗೆ ಏನು ಪ್ರಯೋಜನವೆಂದು ಯಾರಿಗಾದರೂ ತೋರುವುದು ಸಹಜ. ಕಾರಣವು ನಿದ್ರೆಯಲ್ಲಿದೆ. ನಿದ್ರೆಯಲ್ಲಿ ಉಸಿರಿನ ಪ್ರೇರಣೆಯು ಇಳಿಯುವುದು. ಸ್ವಪ್ನಾವಸ್ಥೆಯಲ್ಲಿ ಕುತ್ತಿಗೆ ಪಕ್ಕೆಗಳ ಸ್ನಾಯುಗಳು ಸಡಿಲಗೊಂಡು ಭಾರವೆಲ್ಲ ವಪೆಯ ಮೇಲೆ ಬೀಳುವುದು. (ವೈದಿಕಕರ್ಮಗಳಲ್ಲಿ ವಪೆಯೆಂದರೆ ಹೊಟ್ಟೆಯೊಳಗಣ ಕೊಬ್ಬಿನ ಪೊರೆ, ಕನ್ನಡದ ಶರೀರಶಾಸ್ತ್ರದ ಪಠ್ಯಗಳು ಅದನ್ನು ಎದೆ ಹೊಟ್ಟೆಗಳ ನಡುವಣ ಸ್ನಾಯುವಿಗೆ ಇಟ್ಟುಕೊಂಡಿವೆ. ಬಳಕೆಯು ನಿಂತುಹೋದುದರಿಂದ ಒಪ್ಪಬೇಕು.) ಉಬ್ಬಿದ ಶ್ವಾಸಕೋಶಗಳು ಒತ್ತಿ ಚಪ್ಪಟೆಯಾದ ವಪೆಯು ಆ ಭಾರವನ್ನು ಹೊರಲಾರದು. ಇಂಗಾಲಾಮ್ಲವು ರಾತ್ರಿಯೆಲ್ಲ ಏರುವುದು. ಅದಕ್ಕೆ ಎದುರಾಗಿ ಮೂತ್ರಪಿಂಡಗಳು ಕ್ಷಾರವನ್ನು ಉಳಿಸಿಕೊಳ್ಳುವುವು. ಕ್ಷಾರವು ಹೆಚ್ಚಿದ ರಕ್ತಕ್ಕೆ ಹಗಲಿನಲ್ಲಿಯೂ ಇಂಗಾಲಾಮ್ಲದ ಎಚ್ಚರಿಕೆಯು ಮಂಕಾಗುವುದು. ಯಂತ್ರವು ರೋಗಿಯು ಉಸಿರೆಳೆಯಲು ತೊಡಗಿದುದನ್ನು ತಿಳಿದು ಹೆಚ್ಚಿನ ಒತ್ತಡದಿಂದ ಗಾಳಿಯನ್ನು ತುಂಬುವುದು, ಉಸಿರು ಬಿಡುವಾಗ ಒತ್ತಡವನ್ನು ಇಳಿಸುವುದು. ರಾತ್ರಿಯಲ್ಲಿ ಈ ಸಂಚಯವನ್ನು ತಡೆದರೆ ಹಗಲಿನ ಮಂಕೂ ಹೋಗುವುದು.

ಪರೀಕ್ಷೆಗಳ ಫಲವು ಒಂದೇ ಬಗೆಯಾಗಿ ಬರಲಿಲ್ಲವೆಂಬುದನ್ನು ಮುಚ್ಚಿಡಬಾರದು. ೨೦೧೪ರಲ್ಲಿ ಜರ್ಮನಿ ಆಸ್ಟ್ರಿಯಗಳ ೧೯೫ ಮಂದಿಯಲ್ಲಿ, ಇಂಗಾಲಾಮ್ಲವು ನಿಜವಾಗಿ ಇಳಿಯುವಷ್ಟು ಬಲವಾದ ಒತ್ತಡವನ್ನು ಕೊಟ್ಟಾಗ, ಒಂದು ವರ್ಷದ ಮರಣಗಳು ನೂರಕ್ಕೆ ೩೩ರಿಂದ ೧೨ಕ್ಕೆ ಇಳಿದವು. ಅದೇ ವರ್ಷ ನೆದರ್ಲೆಂಡ್ಸಿನಲ್ಲಿ ೨೦೧ ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಆ ರೋಗಿಗಳಿಗೆ ಉಲ್ಬಣಾವಸ್ಥೆಯು ಕಳೆದ ಕೆಲವೇ ದಿನಗಳಲ್ಲಿ ಯಂತ್ರವನ್ನು ಹಚ್ಚಿದ್ದರು; ತಾವಾಗಿಯೇ ಸುಧಾರಿಸುವವರೂ ಅವರಲ್ಲಿ ಸೇರಿಹೋಗಿದ್ದರು. ೨೦೧೭ರಲ್ಲಿ ಬ್ರಿಟನ್ನಿನಲ್ಲಿ ಎರಡರಿಂದ ನಾಲ್ಕು ವಾರ ಕಾದು, ಆಮೇಲೂ ಇಂಗಾಲಾಮ್ಲದ ಒತ್ತಡವು ೫೩ಕ್ಕಿಂತ ಮೇಲಿದ್ದ ೧೧೬ ಮಂದಿಯನ್ನೇ ಆರಿಸಿದರು. ಆಮ್ಲಜನಕ ಮಾತ್ರ ಪಡೆದವರು ಮತ್ತೆ ಆಸ್ಪತ್ರೆಗೆ ಸೇರುವ ಅಥವಾ ತೀರಿಕೊಳ್ಳುವ ಮುನ್ನ ಕಳೆದ ಮಧ್ಯಕಾಲವು ೧.೪ ತಿಂಗಳು, ಯಂತ್ರವನ್ನೂ ಪಡೆದವರಲ್ಲಿ ೪.೩ ತಿಂಗಳು. ಮೂರು ತಿಂಗಳ ಲಾಭವು ಅಲ್ಪವೆಂದು ತೋರಬಹುದು. ಮೂರು ತಿಂಗಳು ತನ್ನ ಮಂಚದಲ್ಲಿ ಮಲಗಿ ಏಳುವವನಿಗೆ ಹಾಗೆ ತೋರದು.

ಈ ವಿದೇಶದ ಲೆಕ್ಕಗಳನ್ನು ಕನ್ನಡನಾಡಿನ ಮನೆಗೆ ತರುವಾಗ ಮನೆಯನ್ನೂ ನೋಡಬೇಕಾಗುವುದು. ಭಾರತದಲ್ಲಿ ಈ ರೋಗದಿಂದ ನರಳುವವರು ೨೦೧೬ರಲ್ಲಿ ಸುಮಾರು ೫.೫ ಕೋಟಿಯೆಂದು ಗಣಿಸಲ್ಪಟ್ಟಿತು. ಅವರಲ್ಲಿ ಬೀಡಿಯನ್ನು ಮುಟ್ಟಿಯೂ ಅರಿಯದ ಹೆಂಗಸರು ಅನೇಕರು. ಮೈಸೂರು ಸೀಮೆಯ ಗ್ರಾಮಗಳ ಹೆಂಗಸರನ್ನು ಕುರಿತು ೨೦೧೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ದಿನಕ್ಕೆ ಒಲೆಯ ಮುಂದೆ ಕಳೆದ ಘಂಟೆಗಳನ್ನು ಅಡಿಗೆ ಮಾಡಿದ ವರ್ಷಗಳಿಂದ ಗುಣಿಸಿ, ಆ ಗುಣಲಬ್ಧವು ೬೦ನ್ನು ಮುಟ್ಟಿದ ಮೇಲೆ ದೀರ್ಘಕಾಲದ ಕಫಕಾಸದ ಅಪಾಯವು ಗಣನೀಯವಾಗುವುದೆಂದು ತೋರಿಸಿದೆ. ದಿನಕ್ಕೆ ಮೂರು ಘಂಟೆ ಸೌದೆಯೊಲೆಯ ಮುಂದೆ ಕುಳಿತವಳು ಇಪ್ಪತ್ತು ವರ್ಷಗಳಲ್ಲಿ ಈ ಗಡಿಯನ್ನು ಮುಟ್ಟುವಳು. ಹದಿನೆಂಟರಲ್ಲಿ ಮದುವೆಯಾಗಿ ಬಂದಿದ್ದರೆ ಮೂವತ್ತೆಂಟಕ್ಕೆ. ೨೦೧೬ರಲ್ಲಿ ಆರಂಭವಾದ ಉಜ್ಜ್ವಲಾ ಯೋಜನೆಯಿಂದ ಅನಿಲದ ಒಲೆಗಳು ಹಳ್ಳಿಗಳನ್ನು ಸೇರಿದುವಾದರೂ, ನೀರು ಕಾಯಿಸಲು, ದನಗಳಿಗೆ ಬೇಯಿಸಲು ಸೌದೆಯು ಇನ್ನೂ ಉರಿಯುತ್ತಿರುವ ಮನೆಗಳುಂಟು. ಒಂದು ಕೋಣೆಯಲ್ಲಿ ಸಾಂದ್ರಕವೂ ಪಕ್ಕದ ಕೋಣೆಯಲ್ಲಿ ಹೊಗೆಯೂ ಇದ್ದರೆ ಕಂಭವನ್ನು ನಿಲ್ಲಿಸುತ್ತ ಗೋಡೆಯನ್ನು ತೋಡಿದಂತೆಯೇ ಸರಿ.

ಬೆಂಕಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಮ್ಲಜನಕವು ತಾನು ಉರಿಯದು, ಉರಿಯುವುದನ್ನು ಉಗ್ರವಾಗಿ ಉರಿಸುವುದು. ಅದು ಬಟ್ಟೆ ಹಾಸಿಗೆ ಕೂದಲುಗಳಲ್ಲಿ ನೆಲಸಿ ನಿಲ್ಲುವುದು. ಮೂಗಿನಲ್ಲಿ ನಳಿಕೆಯನ್ನಿಟ್ಟು ಬೀಡಿ ಹಚ್ಚಿದವರ ಮುಖಗಳು ಸುಟ್ಟುಹೋಗಿವೆ. ಒಲೆಯಷ್ಟೇ ಅಲ್ಲ, ದೇವರ ಮುಂದಣ ನಂದಾದೀಪ, ಊದುಬತ್ತಿ, ಕರ್ಪೂರದಾರತಿ ಇವೂ ಬೆಂಕಿಯೇ. ಕನಿಷ್ಠ ೩ ಮೀಟರು ದೂರವಿರಬೇಕು. ಆರತಿಯನ್ನು ತಟ್ಟೆಯಲ್ಲಿ ತಂದು ರೋಗಿಯ ಕಣ್ಣಿಗೆ ಒತ್ತಿಸುವ ವಾಡಿಕೆಯನ್ನು ಇಂಥ ಮನೆಯಲ್ಲಿ ಬಿಡುವುದರಿಂದ ಭಕ್ತಿಗೆ ಕೊರತೆಯಾಗದು. ಒಣಗಿದ ಮೂಗು ತುಟಿಗಳಿಗೆ ಎಣ್ಣೆ ವ್ಯಾಸಲೀನುಗಳನ್ನು ಹಚ್ಚುವುದೂ ಸಲ್ಲದು. ವಿದ್ಯುತ್ತು ನಿಂತರೆ ಸಾಂದ್ರಕವು ನಿಲ್ಲುವುದು. ಅದಕ್ಕೆ ಮುನ್ನೂರು ಮುನ್ನೂರೈವತ್ತು ವಾಟಿನಷ್ಟು ಶಕ್ತಿ ಬೇಕಾದುದರಿಂದ ದೀಪಕ್ಕೆಂದು ಇಟ್ಟ ಸಣ್ಣ ಬ್ಯಾಟರಿಯು ಬಹಳ ಹೊತ್ತು ಬಾರದು. ಸುಮಾರು ೧೫೦೦ ಲೀಟರು ಹಿಡಿಸುವ ಸಿಲಿಂಡರೊಂದು ಜೊತೆಗಿದ್ದರೆ ನಿಮಿಷಕ್ಕೆ ೨ ಲೀಟರಿನಂತೆ ಹನ್ನೆರಡು ಘಂಟೆ ನಡೆಯುವುದು. ಮುಖವಾಡದ ಯಂತ್ರವನ್ನು ಧರಿಸಿದವರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಯಂತ್ರವು ನಿಂತೊಡನೆ ಮುಖವಾಡವನ್ನು ತೆಗೆಯಬೇಕು, ಇಲ್ಲವಾದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆ‌ದುಕೊಳ್ಳುವಂತಾಗುವುದು. ರಾತ್ರಿ ಯಾರು ತೆಗೆಯುವರೆಂಬುದನ್ನು ಹಗಲಿನಲ್ಲಿಯೇ ಗೊತ್ತುಮಾಡಿಕೊಂಡಿರಬೇಕು.

ಇನ್ನು ಹೆಸರಿನ ಪ್ರಶ್ನೆ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದ ಕಾಲದಿಂದಲೂ ವೈದ್ಯದ ಪರಿಭಾಷೆಯನ್ನು ಕನ್ನಡವು ಹೊತ್ತುಬಂದಿದೆ. ಈಗಿನ ಪತ್ರಿಕೆಗಳಲ್ಲಿ ಇಂಥ ಯಂತ್ರವನ್ನು 'ಕೃತಕ ಉಸಿರಾಟ'ವೆಂದು ಬರೆಯುವ ರೂಢಿ. ಕೃತಕವೆಂದರೆ ಕಪಟ, ಹುಸಿ ಎಂಬ ಅರ್ಥವೂ ಕನ್ನಡಕಾವ್ಯಗಳ ಓದುಗರ ಮನಸ್ಸಿನಿಂದ ಹೋಗದು. ಮುಖವಾಡದ ಯಂತ್ರದಲ್ಲಿಯಾದರೋ ಉಸಿರು ರೋಗಿಯದೇ, ತಳ್ಳುವ ಬಲ ಮಾತ್ರ ಹೊರಗಿನದು. ಆದುದರಿಂದ 'ಉಸಿರಾಸರೆ' ಎಂಬ ಸಮಾಸವು ಮೇಲೆಂದು ತೋರುತ್ತದೆ. ಆಶ್ರಯದ ತದ್ಭವವಾದ ಆಸರೆಯು ವಿಷ್ಕಂಭದ ಅರ್ಥವನ್ನು ಹಿಡಿಯುವುದು. ದಣಿವು ಬಾಯಾರಿಕೆಗಳ ಅರ್ಥದ 'ಆಸರು' ಎಂಬ ದೇಶ್ಯವು ಪಕ್ಕದಲ್ಲಿಯೇ ಕೇಳಿಸುವುದರಿಂದ ಮಾತು ಇನ್ನಷ್ಟು ಅರ್ಥವತ್ತಾಗುವುದು.

ಕೊನೆಯದಾಗಿ, ಸುಶ್ರುತನ ದೃಷ್ಟಾಂತವು ಹೊಂದದ ಅಂಶ. ಕ್ರಿಯೆಯು ನಿಂತೊಡನೆ ಯಾಪ್ಯರೋಗಿಯು ನಾಶವಾಗುವನೆಂದು ಅವನು ಹೇಳಿರುವನು. ಆಮ್ಲಜನಕವನ್ನು ಹಚ್ಚಿದರೆ ಇನ್ನು ಕೊನೆಗಾಲವೇ, ತೆಗೆದರೆ ಆ ಕ್ಷಣವೇ ಪ್ರಾಣ ಹೋಗುವುದು ಎಂದು ಅಂಜಿ ಯಂತ್ರವನ್ನೇ ಒಲ್ಲೆನೆನ್ನುವ ರೋಗಿಗಳ ಮಾತಿನಲ್ಲಿಯೂ ಇರುವುದು ಇದೇ ಭಾವ. ಈ ರೋಗದಲ್ಲಿ ಬಹುಮಂದಿಯ ಸ್ಥಿತಿ ಹಾಗಿಲ್ಲ. ಹದಿನೈದು ಘಂಟೆ ಆಸರೆಯಿದ್ದರೆ ಉಳಿದ ಒಂಬತ್ತು ಘಂಟೆಗಳು ರೋಗಿಯವು: ಸ್ನಾನ, ಊಟ, ಜಗಲಿ, ನೆರೆಮನೆಯ ಮಾತುಕತೆ. ರಾತ್ರಿಯ ಮುಖವಾಡವೂ ಬೆಳಗಾದರೆ ಗೂಟಕ್ಕೆ ಸೇರುವುದು. ಉಲ್ಬಣಾವಸ್ಥೆಯಲ್ಲಿ ಆಸ್ಪತ್ರೆಯಿಂದ ಆಮ್ಲಜನಕದೊಡನೆ ಮನೆಗೆ ಬಂದವರನ್ನು ೬೦ರಿಂದ ೯೦ ದಿನಗಳೊಳಗೆ ಮತ್ತೆ ಪರೀಕ್ಷಿಸಬೇಕೆಂದು ನಿಯಮವಿದೆ. ಆ ವೇಳೆಗೆ ಅವರಲ್ಲಿ ಹಲವರಿಗೆ ಅದು ಬೇಡವಾಗಿರುತ್ತದೆ, ಯಂತ್ರವನ್ನು ಹಿಂದಕ್ಕೆ ಕೊಡಬಹುದು.